ಬರೆಯದ ಓಲೆ

ಓಲೆಯು ಮನುಷ್ಯನ ಪ್ರತಿನಿಧಿ. ತಾನು ಹೋಗಲಾರದ ಕಡೆಗೆ ತನ್ನ ಮಾತನ್ನು ಕಳುಹಿಸುವ ಉಪಾಯವನ್ನು ಮನುಷ್ಯನು ಬಹು ಹಿಂದೆಯೇ ಕಂಡುಕೊಂಡನು. ತಾಳೆಗರಿ ಹೋಗಿ ಕಾಗದ ಬಂದಿತು. ಓಲೆಕಾರನು ಹೋಗಿ ಅಂಚೆಯವನು ಬಂದನು. ಈಗ ಕಾಗದವೂ ಇಲ್ಲದೆ, ಅಂಚೆಯವನೂ ಇಲ್ಲದೆ ಮಾತು ಕ್ಷಣಮಾತ್ರದಲ್ಲಿ ಕಡಲು ದಾಟುತ್ತದೆ. ಓಲೆಯ ಉಡುಪು ಇಷ್ಟೆಲ್ಲ ಬದಲಾದರೂ ಅದು ಕೈಸೇರಿದ ಕೂಡಲೇ ಓದುಗನ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಮಾತ್ರ ಬದಲಾಗಿಲ್ಲ. ಇದನ್ನು ಬರೆದವರು ಯಾರು? ಈ ಪ್ರಶ್ನೆಗೆ ಓಲೆಯ ಮೇಲಿನ ಹೆಸರೇ ಉತ್ತರವೆಂದು ನಂಬಿ ನಡೆಯುವುದು ಲೋಕದ ರೂಢಿ. ಆ ನಂಬಿಕೆ ಎಷ್ಟು ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ವಿಚಾರಿಸಿ ನೋಡುವ ಪ್ರಸಂಗವು ಇಮೇಲಿನ ಕಾಲದಲ್ಲಿ ಒದಗಿ ಬಂದಿತು.

ಮೊದಲು ಸಾಮಾನ್ಯ ಅಂಚೆಯ ಕ್ರಮವನ್ನೇ ಗಮನಿಸಬಹುದು. ಹಾಸನ ಜಿಲ್ಲೆಯ ಗೆಂಡೆಹಳ್ಳಿಯಲ್ಲಿ ಒಬ್ಬರು ಅರಸೀಕೆರೆಯ ನೆಂಟರಿಗೆ ಪತ್ರ ಬರೆದು ಅಂಚೆ ಪೆಟ್ಟಿಗೆಗೆ ಹಾಕುತ್ತಾರೆ. ಲಕೋಟೆಯ ಮುಂಬದಿಯಲ್ಲಿ ಸೇರಬೇಕಾದವರ ವಿಳಾಸವಿರುತ್ತದೆ. ಹಿಂಬದಿಯಲ್ಲೋ ಎಡಮೂಲೆಯಲ್ಲೋ ಕಳುಹಿಸಿದವರ ವಿಳಾಸವಿರುತ್ತದೆ. ನೆಂಟರು ಮನೆ ಬದಲಾಯಿಸಿದ್ದರೆ ಅಂಚೆಯವನು ಆ ಸಂಗತಿಯನ್ನು ಗುರುತುಹಾಕಿ ಪತ್ರವನ್ನು ಗೆಂಡೆಹಳ್ಳಿಗೆ ಮರಳಿಸುತ್ತಾನೆ. ಕಳುಹಿಸಿದವರ ವಿಳಾಸವೇ ಇಲ್ಲದಿದ್ದಲ್ಲಿ ಅದು ಮರಳಿದ ಪತ್ರಗಳ ಕಚೇರಿಯನ್ನು ಸೇರುತ್ತದೆ. ಅಲ್ಲಿ ಅಧಿಕಾರವುಳ್ಳ ಸಿಬ್ಬಂದಿಯು ಪತ್ರವನ್ನು ಒಡೆದು ಬರೆದವರ ಸುಳಿವು ದೊರೆಯುವುದೇ ಎಂದು ಹುಡುಕುತ್ತಾರೆ.

ಈ ಏರ್ಪಾಡಿನಲ್ಲಿ ಒಂದು ಸೂಕ್ಷ್ಮವಿದೆ. ಕಳುಹಿಸಿದವರ ವಿಳಾಸವನ್ನು ಬರೆಯುವವನು ಪತ್ರ ಹಾಕುವವನೇ ಹೊರತು ಅಂಚೆ ಇಲಾಖೆಯಲ್ಲ. ಅದು ನಿಜವೇ ಎಂದು ಸಾಮಾನ್ಯ ಪತ್ರಗಳ ವಿಷಯದಲ್ಲಿ ಯಾರೂ ಕೇಳುವುದಿಲ್ಲ. ಇಲಾಖೆಯು ತನ್ನ ಕೈಯಾರೆ ಒತ್ತುವುದು ಊರಿನ ಹೆಸರೂ ದಿನಾಂಕವೂ ಇರುವ ಮುದ್ರೆಯನ್ನು ಮಾತ್ರ. ಆದುದರಿಂದ ಕಿಡಿಗೇಡಿಯೊಬ್ಬನು ಇಲ್ಲದ ವಿಳಾಸವೊಂದಕ್ಕೆ ಬೈಗುಳದ ಪತ್ರವನ್ನು ಬರೆದು, ಹಿಂಬದಿಯಲ್ಲಿ ನೆರೆಮನೆಯವರ ಹೆಸರನ್ನು ಕಾಣಿಸಿದನೆಂದರೆ, ಆ ಪತ್ರವು ಮರಳಿ ಬರುವುದು ನೆರೆಮನೆಗೇ. ಅವರು ಬರೆಯದ ಪತ್ರವನ್ನು ಅವರದೆಂದು ತಂದುಕೊಟ್ಟ ಅಂಚೆಯವನಲ್ಲಿ ದೋಷವಿಲ್ಲ. ಪಡೆದುಕೊಂಡ ನೆರೆಮನೆಯವರಲ್ಲಿಯೂ ದೋಷವಿಲ್ಲ. ದೋಷವಿರುವವನು ಎಲ್ಲಿಯೋ ಮರೆಯಲ್ಲಿದ್ದಾನೆ. ಇಮೇಲಿನ ಲೋಕದಲ್ಲಿ ಲಕ್ಷಾಂತರ ಜನರನ್ನು ಗಾಬರಿಗೊಳಿಸಿದ ಒಂದು ಉಪದ್ರವದ ತಿರುಳು ಇಷ್ಟೇ.

ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಓಲೆ ಕಳುಹಿಸುವ ಕ್ರಮವನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಮಾಡಿ ತೋರಿಸಿದನು. ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಇರುವ ಸುರುಳಿಯಾಕಾರದ ಚಿಹ್ನೆಯು ಅವನು ಆರಿಸಿಕೊಂಡದ್ದೇ. ಓಲೆಗಳು ಯಾವ ನಿಯಮದಂತೆ ಸಾಗಬೇಕೆಂಬುದನ್ನು 1982ರ ಆಗಸ್ಟ್ ತಿಂಗಳಲ್ಲಿ ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿಯು ಒಂದು ದಸ್ತಾವೇಜಿನಲ್ಲಿ ನಿರೂಪಿಸಿದನು. ಎಸ್‌ಎಂಟಿಪಿ ಎಂದು ಹೆಸರಾದ ಆ ನಿಯಮಾವಳಿಯು ತಿದ್ದುಪಡಿಗಳೊಡನೆ ಇಂದಿಗೂ ಬಳಕೆಯಲ್ಲಿದೆ. ಆಗ ಜಾಲದಲ್ಲಿದ್ದ ಯಂತ್ರಗಳು ಕೆಲವು ನೂರು ಮಾತ್ರ. ಅವುಗಳನ್ನು ಬಳಸುತ್ತಿದ್ದವರು ವಿಶ್ವವಿದ್ಯಾನಿಲಯಗಳ ಮತ್ತು ಸಂಶೋಧನಾಲಯಗಳ ಜನ. ಪರಸ್ಪರ ಪರಿಚಯವಿರುವ ಊರಿನಲ್ಲಿ ಬಾಗಿಲಿಗೆ ಬೀಗ ಹಾಕುವ ಅಗತ್ಯ ತೋರದಿರುವಂತೆ, ಕಳುಹಿಸುವವನು ಹೇಳಿದ ಹೆಸರನ್ನು ಪರೀಕ್ಷಿಸುವ ಅಗತ್ಯವೂ ಅವರಿಗೆ ತೋರಲಿಲ್ಲ.

ಈ ನಿಯಮದಲ್ಲಿಯೂ ಲಕೋಟೆ ಬೇರೆ, ಒಳಗಿನ ಪತ್ರ ಬೇರೆ. ಓಲೆಯನ್ನು ಸಾಗಿಸುವ ಸರ್ವರ್‌ಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ‘ಇಂಥವರಿಂದ, ಇಂಥವರಿಗೆ’ ಎಂಬ ಮಾತು ಲಕೋಟೆಯಂತೆ. ಓದುಗನ ಪರದೆಯ ಮೇಲೆ ಕಾಣುವ ‘ಇವರಿಂದ’ ಎಂಬ ಸಾಲು ಪತ್ರದ ತಲೆಬರಹದಂತೆ. ಮೂಲ ನಿಯಮದಲ್ಲಿ ಎರಡನ್ನೂ ಬರೆಯುವವನು ಕಳುಹಿಸುವವನೇ. ಓಲೆ ತಲುಪದೆ ಹೋದರೆ ಸರ್ವರ್ ಲಕೋಟೆಯ ಮೇಲಿನ ವಿಳಾಸಕ್ಕೆ ಒಂದು ವರದಿಯನ್ನು ಕಳುಹಿಸುತ್ತದೆ. ‘ಅಂಥ ವಿಳಾಸದಾರರು ಇಲ್ಲಿಲ್ಲ’ ಎಂದೋ ‘ಅವರ ಪೆಟ್ಟಿಗೆ ತುಂಬಿದೆ’ ಎಂದೋ ಅದರಲ್ಲಿ ಕಾರಣ ಬರೆದಿರುತ್ತದೆ. ಇಂಥ ವರದಿಗಳು ಅನೇಕ ವೇಳೆ ‘ಮೇಲರ್ ಡೀಮನ್’ ಎಂಬ ಹೆಸರಿನಲ್ಲಿ ಬರುತ್ತವೆ. ಹೆಸರನ್ನು ನೋಡಿ ಭೂತವೆಂದು ಬೆದರಬೇಕಾಗಿಲ್ಲ. ತೆರೆಮರೆಯಲ್ಲಿ ತಾನಾಗಿ ಕೆಲಸಮಾಡುವ ತಂತ್ರಾಂಶಕ್ಕೆ ಗಣಕತಜ್ಞರು ಇಟ್ಟ ಹೆಸರದು. ವರದಿಯೂ ತಲುಪದೆ ಹೋದರೆ ಅದಕ್ಕೊಂದು ವರದಿ, ಅದಕ್ಕೆ ಮತ್ತೊಂದು ಎಂದು ಕೊನೆಯಿಲ್ಲದ ಸರಪಳಿ ಬೆಳೆದೀತು. ಹಾಗಾಗದಂತೆ ವರದಿಯ ಲಕೋಟೆಯಲ್ಲಿ ಕಳುಹಿಸಿದವರ ಜಾಗವನ್ನು ಖಾಲಿ ಬಿಡುವ ವಿವೇಕವನ್ನೂ ನಿಯಮಕಾರರು ತೋರಿದ್ದಾರೆ.

ಕೆಲವೇ ಜನರ ಬಳಕೆಯಲ್ಲಿದ್ದ ಜಾಲವು ಜನಸಾಮಾನ್ಯರ ಸ್ವತ್ತಾಯಿತು. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ತೆರೆಯಿತು. ಮರುವರ್ಷ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತನ್ನ ಗೆಳೆಯ ಜಾಕ್ ಸ್ಮಿತ್‌ನೊಡನೆ ಅಮೆರಿಕದಲ್ಲಿ ಹಾಟ್‌ಮೇಲ್ ಎಂಬ ಉಚಿತ ಅಂಚೆಯನ್ನು ಆರಂಭಿಸಿದನು. ಹಣ ತೆರದೆ ಯಾರು ಬೇಕಾದರೂ ಒಂದು ವಿಳಾಸವನ್ನು ಪಡೆಯಬಹುದಾಯಿತು. ಊರು ಬೆಳೆದು ಪಟ್ಟಣವಾಯಿತು. ಬಾಗಿಲಿಗೆ ಮಾತ್ರ ಇನ್ನೂ ಬೀಗವಿರಲಿಲ್ಲ.

ಆ ಬಾಗಿಲಿನಿಂದ ಒಳನುಗ್ಗಿದವು ವೈರಸ್‌ಗಳು. ಮಾರ್ಚ್ 1999ರ ಮೆಲಿಸ್ಸಾ ಮತ್ತು ಮೇ 2000ದ ‘ಐ ಲವ್ ಯೂ’ ಎಂಬವು ಸೋಂಕು ತಗುಲಿದ ಯಂತ್ರದ ಒಡೆಯನ ಹೆಸರಿನಲ್ಲಿಯೇ ಅವನ ಪರಿಚಿತರಿಗೆ ಹರಡಿದವು. ಅವುಗಳಿಂದ ಹಾನಿ ಅಪಾರವಾಯಿತು. ಆದರೂ ಒಂದು ಅನುಕೂಲವಿದ್ದಿತು: ಓಲೆ ಬಂದ ವಿಳಾಸಕ್ಕೆ ತಿಳಿಸಿದರೆ ರೋಗ ತಗುಲಿದವನಿಗೇ ಎಚ್ಚರಿಕೆ ಮುಟ್ಟುತ್ತಿತ್ತು. 2001ರ ಅಕ್ಟೋಬರಿನಲ್ಲಿ ಕಾಣಿಸಿಕೊಂಡ ಕ್ಲೆಜ್ ಎಂಬ ಹುಳುವು ಈ ಅನುಕೂಲವನ್ನು ಕಿತ್ತುಕೊಂಡಿತು. ಅದು ಸೋಂಕು ತಗುಲಿದ ಯಂತ್ರದಲ್ಲಿ ದೊರೆತ ವಿಳಾಸಗಳನ್ನೆಲ್ಲ ಸಂಗ್ರಹಿಸಿ, ಒಂದನ್ನು ಕಳುಹಿಸಿದವರ ಜಾಗದಲ್ಲಿಯೂ ಇನ್ನೊಂದನ್ನು ಸೇರಬೇಕಾದವರ ಜಾಗದಲ್ಲಿಯೂ ಬರೆದು ಓಲೆಯನ್ನು ರವಾನಿಸುತ್ತಿತ್ತು. 2003ರ ಆಗಸ್ಟಿನಲ್ಲಿ ಹರಡಿದ ಸೋಬಿಗ್‌ನ ಆರನೆಯ ರೂಪವೂ ಇದೇ ಮಾರ್ಗವನ್ನು ಹಿಡಿದು ಜಗತ್ತಿನ ಅಂಚೆಪೆಟ್ಟಿಗೆಗಳನ್ನು ತುಂಬಿತು. ಸೆಪ್ಟೆಂಬರ್ 10ರಂದು ತನ್ನ ಹರಡುವಿಕೆಯನ್ನು ತಾನೇ ನಿಲ್ಲಿಸುವಂತೆ ಅದನ್ನು ರಚಿಸಿದವರು ಗೊತ್ತುಮಾಡಿದ್ದರು. 2004ರ ಜನವರಿ ಕೊನೆಯಲ್ಲಿ ಬಂದ ಮೈಡೂಮ್ ಇನ್ನೂ ಚತುರವಾದುದು. ಅದು ಸಾಮಾನ್ಯ ಹೆಸರುಗಳನ್ನು ಊಹಿಸಿ ವಿಳಾಸಗಳನ್ನು ಕಟ್ಟುತ್ತಿತ್ತು. ಅವುಗಳಲ್ಲಿ ಎಷ್ಟೋ ಸುಳ್ಳು ವಿಳಾಸಗಳಾದುದರಿಂದ ಮರಳಿದ ಓಲೆಗಳ ರಾಶಿಯೇ ಬಿದ್ದಿತು. ಅಷ್ಟೇ ಅಲ್ಲದೆ ಅದು ‘ನಿಮ್ಮ ಓಲೆ ತಲುಪಲಿಲ್ಲ’ ಎಂಬ ವರದಿಯ ವೇಷವನ್ನೇ ತೊಟ್ಟು ಬರುತ್ತಿತ್ತು. ಯಾವ ಓಲೆ ತಲುಪಲಿಲ್ಲವೋ ನೋಡೋಣವೆಂದು ಲಗತ್ತನ್ನು ತೆರೆದವನ ಯಂತ್ರಕ್ಕೆ ಸೋಂಕು ತಗುಲುತ್ತಿತ್ತು.

ಇದರಿಂದ ಜನರ ಬಾಳಿನಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಆ ದಿನಗಳಲ್ಲಿ ಗೆಂಡೆಹಳ್ಳಿಯಲ್ಲಿ ಒಬ್ಬ ಕಾಫಿ ಬೆಳೆಗಾರರು. ದೂರವಾಣಿಯ ತಂತಿಯ ಮೂಲಕ ಇಮೇಲ್ ನೋಡುವುದನ್ನು ಹೊಸದಾಗಿ ಕಲಿತವರು. ಒಂದು ಬೆಳಗ್ಗೆ ಅವರ ಪೆಟ್ಟಿಗೆಯಲ್ಲಿ ನಲವತ್ತು ವರದಿಗಳು ಬಂದು ಬಿದ್ದಿವೆ. ಜರ್ಮನಿಯ ಯಾರಿಗೋ ಅವರು ಬರೆದ ಓಲೆ ತಲುಪಲಿಲ್ಲವಂತೆ. ದೆಹಲಿಯ ಯಾವುದೋ ಕಚೇರಿಯಲ್ಲಿ ಅಂಥ ವಿಳಾಸವೇ ಇಲ್ಲವಂತೆ. ಜರ್ಮನಿಯಲ್ಲಿ ಅವರಿಗೆ ಪರಿಚಿತರೇ ಇಲ್ಲ. ಅವರು ಚಕಿತರಾಗಿ ಕುಳಿತಿರುವಾಗ ಚಿಕ್ಕಮಗಳೂರಿನ ಕಾಫಿ ವರ್ತಕರಿಂದ ದೂರವಾಣಿ ಕರೆ ಬರುತ್ತದೆ.

“ಏನು ಗೌಡರೇ, ನಿಮ್ಮ ಕಾಗದ ತೆರೆದ ಗಳಿಗೆಯಿಂದ ನಮ್ಮ ಕಂಪ್ಯೂಟರು ಮೇಲೇಳುತ್ತಿಲ್ಲವಲ್ಲ!”

“ಸಾಹುಕಾರರೇ, ನಾನು ಈ ವಾರ ನಿಮಗೆ ಕಾಗದವನ್ನೇ ಬರೆದಿಲ್ಲ.”

“ಹೆಸರು ನಿಮ್ಮದೇ ಇದೆ, ವಿಳಾಸವೂ ನಿಮ್ಮದೇ. ಬರೆದಿಲ್ಲ ಎಂದರೆ ಹೇಗೆ ನಂಬಲಿ ಹೇಳಿ?”

ಇಪ್ಪತ್ತು ವರ್ಷಗಳ ವ್ಯವಹಾರ. ಬಾಯಿಮಾತಿನ ಮೇಲೆ ಮೂಟೆಗಳು ಹೋಗಿವೆ, ಹಣ ಬಂದಿದೆ. ಆ ವಿಶ್ವಾಸಕ್ಕೆ ಅಂದು ಮೊದಲ ಬಾರಿಗೆ ಬಿರುಕು ಬೀಳುತ್ತದೆ. ಬೆಳೆಗಾರರು ಬೇಲೂರಿನಿಂದ ಒಬ್ಬ ಬಲ್ಲವನನ್ನು ಕರೆಯಿಸಿ ತಮ್ಮ ಯಂತ್ರವನ್ನು ಪರೀಕ್ಷೆ ಮಾಡಿಸುತ್ತಾರೆ. ಯಂತ್ರದಲ್ಲಿ ಯಾವ ರೋಗವೂ ಇಲ್ಲ. ‘ಕಳುಹಿಸಿದ ಓಲೆಗಳು’ ಎಂಬಲ್ಲಿ ಹುಡುಕಿದರೆ ಆ ಓಲೆಗಳ ಪ್ರತಿಗಳಿಲ್ಲ. ಹಾಗಾದರೆ ಕಳುಹಿಸಿದವರು ಯಾರು?

ಉತ್ತರವು ಹಾಸನದಲ್ಲಿದೆ. ಬೆಳೆಗಾರರಿಗೂ ವರ್ತಕರಿಗೂ ಲೆಕ್ಕಪತ್ರ ಬರೆದುಕೊಡುವವರು ಅಲ್ಲಿ ಒಬ್ಬರಿದ್ದಾರೆ. ಅವರ ಯಂತ್ರದಲ್ಲಿ ಇಬ್ಬರ ವಿಳಾಸಗಳೂ ಇವೆ. ಎಂದೋ ತೆರೆದು ನೋಡಿದ ಪುಟವೊಂದರಲ್ಲಿದ್ದ ಜರ್ಮನಿಯ ವಿಳಾಸವೂ ಅಲ್ಲಿ ಉಳಿದುಕೊಂಡಿದೆ. ಸೋಂಕು ತಗುಲಿರುವುದು ಆ ಯಂತ್ರಕ್ಕೆ. ಹುಳುವು ಗೌಡರ ಹೆಸರನ್ನು ಹಿಂಬದಿಯಲ್ಲಿ ಬರೆದು ಎಲ್ಲರಿಗೂ ಓಲೆಗಳನ್ನು ಕಳುಹಿಸುತ್ತಿದೆ. ತಲುಪಿದವು ವರ್ತಕರಂಥವರನ್ನು ಕಾಡುತ್ತವೆ. ತಲುಪದವು ಗೌಡರ ಬಾಗಿಲಿಗೆ ಮರಳುತ್ತವೆ. ರೋಗವುಳ್ಳ ಯಂತ್ರದ ಒಡೆಯರಿಗೆ ಮಾತ್ರ ಯಾವ ದೂರೂ ಮುಟ್ಟುವುದಿಲ್ಲ. ಅವರೂ ಬೇಕೆಂದು ಮಾಡಿದವರಲ್ಲ. ತಮ್ಮ ಮನೆಯಲ್ಲಿ ಹಾವಿರುವುದನ್ನು ಅರಿಯದೆ ನಿಶ್ಚಿಂತೆಯಿಂದ ಲೆಕ್ಕ ಬರೆಯುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಬರೆ ಎಳೆಯುವ ಕೆಲಸದಲ್ಲಿ ಯಂತ್ರಗಳೂ ಸೇರಿಕೊಂಡವು. ಅನೇಕ ಸಂಸ್ಥೆಗಳು ಒಳಬರುವ ಓಲೆಗಳನ್ನು ಶೋಧಿಸುವ ಕಾವಲು ತಂತ್ರಾಂಶಗಳನ್ನು ಇರಿಸಿಕೊಂಡಿದ್ದವು. ಅವು ವೈರಸ್ಸನ್ನು ಹಿಡಿದ ಕೂಡಲೇ ‘ನೀವು ನಮಗೆ ವೈರಸ್ ಕಳುಹಿಸಿದ್ದೀರಿ’ ಎಂಬ ಎಚ್ಚರಿಕೆಯನ್ನು ಓಲೆಯಲ್ಲಿದ್ದ ವಿಳಾಸಕ್ಕೆ ತಾವಾಗಿ ಬರೆಯುತ್ತಿದ್ದವು. ಆ ವಿಳಾಸವೇ ಕಳವಿನದು ಎಂಬ ವಿಚಾರ ಅವುಗಳಿಗಿರಲಿಲ್ಲ. ಕಳ್ಳನನ್ನು ಕಂಡು ಪಕ್ಕದ ಮನೆಯವನ ಹೆಸರು ಹಿಡಿದು ಕೂಗುವ ಕಾವಲುಗಾರನಂತೆ ಅವು ವರ್ತಿಸಿದವು. ಮರಳುವ ಓಲೆಗಳ ಪ್ರವಾಹಕ್ಕೆ ಈ ಎಚ್ಚರಿಕೆಗಳ ಪ್ರವಾಹವೂ ಕೂಡಿಕೊಂಡಿತು. ಇಂಥ ಉತ್ತರಗಳನ್ನು ನಿಲ್ಲಿಸುವುದೇ ಲೇಸೆಂಬುದನ್ನು ಅಂಚೆ ವ್ಯವಸ್ಥೆಯನ್ನು ನೋಡಿಕೊಳ್ಳುವವರು ಅನುಭವದಿಂದ ಕಲಿಯಬೇಕಾಯಿತು.

ಹಾಗಾದರೆ ಬರೆಯದ ಓಲೆಯೊಂದು ಮರಳಿ ಬಂದಾಗ ಏನೆಂದು ತಿಳಿಯಬೇಕು? ಇದಕ್ಕೆ ನಾಲ್ಕು ಕಾರಣಗಳಿರಬಹುದು. ತಾನೇ ಬರೆದು ಮರೆತ ಓಲೆಯ ವಿಳಾಸದಲ್ಲಿ ಒಂದಕ್ಷರ ತಪ್ಪಿರಬಹುದು. ತನ್ನ ಯಂತ್ರಕ್ಕೆ ಸೋಂಕು ತಗುಲಿರಬಹುದು ಅಥವಾ ಪಾಸ್‌ವರ್ಡನ್ನು ಕದ್ದು ತನ್ನ ಖಾತೆಯನ್ನೇ ಬೇರೊಬ್ಬನು ಬಳಸುತ್ತಿರಬಹುದು. ಖಾತೆಯನ್ನು ಮುಟ್ಟದೆ ಹೆಸರನ್ನು ಮಾತ್ರ ಯಾರೋ ಬರೆದುಕೊಂಡಿರಬಹುದು. ಕೊನೆಯದಾಗಿ, ಬಂದ ವರದಿಯೇ ಮೈಡೂಮ್‌ನಂಥ ವೇಷಧಾರಿಯಾಗಿರಬಹುದು. ನಾಲ್ಕೂ ಮೇಲ್ನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತವೆ. ಮದ್ದು ಮಾತ್ರ ಬೇರೆಬೇರೆ. ಆದುದರಿಂದ ವರದಿಯೊಡನೆ ಬಂದ ಲಗತ್ತನ್ನು ತೆರೆಯದೆ, ಅದರಲ್ಲಿರುವ ಕೊಂಡಿಯನ್ನು ಒತ್ತದೆ, ಮೊದಲು ಕಳುಹಿಸಿದ ಓಲೆಗಳ ಪಟ್ಟಿಯನ್ನು ನೋಡಬೇಕು. ಖಾತೆಯು ಯಾವಾಗ, ಎಲ್ಲಿಂದ ತೆರೆಯಲ್ಪಟ್ಟಿತೆಂಬ ದಾಖಲೆಯನ್ನು ನೋಡಬೇಕು. ಅಪರಿಚಿತ ಪ್ರವೇಶ ಕಂಡುಬಂದರೆ ಪಾಸ್‌ವರ್ಡನ್ನು ಬದಲಾಯಿಸಿ, ಎರಡು ಹಂತದ ಪರಿಶೀಲನೆಯನ್ನು ಅಳವಡಿಸಿಕೊಳ್ಳಬೇಕು. ಇವುಗಳಲ್ಲಿ ಯಾವ ಕುರುಹೂ ಕಾಣದಿದ್ದಲ್ಲಿ ಹೆಸರು ಮಾತ್ರ ಕಳವಾಗಿರುವ ಸಂಭವವೇ ಹೆಚ್ಚು.

ಇನ್ನೂ ಆಳಕ್ಕೆ ಹೋಗಬಯಸುವವರಿಗೆ ಓಲೆಯ ಪೂರ್ಣ ತಲೆಬರಹವು ನೆರವಾಗುತ್ತದೆ. ಓಲೆಯು ಹಾದುಬಂದ ಪ್ರತಿಯೊಂದು ಸರ್ವರೂ ‘ಇಂಥ ಯಂತ್ರದಿಂದ ಇಂಥ ಹೊತ್ತಿನಲ್ಲಿ ಸ್ವೀಕರಿಸಿದೆ’ ಎಂಬ ಸಾಲನ್ನು ಮೇಲುಗಡೆಯಲ್ಲಿ ಸೇರಿಸುತ್ತ ಹೋಗುತ್ತದೆ. ಇವೇ ಅಂಚೆಯ ಮುದ್ರೆಗಳು. ಕೆಳಗಿನ ಸಾಲುಗಳನ್ನು ಕಿಡಿಗೇಡಿಯೇ ಬರೆದಿರಬಹುದಾದರೂ ತನ್ನ ನಂಬಿಕೆಯ ಸರ್ವರ್ ಹಾಕಿದ ಸಾಲನ್ನು ಅವನು ತಿದ್ದಲಾರ. ಮರಳಿದ ವರದಿಯಲ್ಲಿ ಮೂಲ ಓಲೆಯ ತಲೆಬರಹವೂ ಅನೇಕ ವೇಳೆ ಸೇರಿರುತ್ತದೆ. ಅದರಲ್ಲಿ ಹೆಸರು ಗೆಂಡೆಹಳ್ಳಿಯವರದಾಗಿದ್ದು, ಹೊರಟ ಯಂತ್ರದ ಅಂಕೆಯು ಬೇರೆಲ್ಲಿಯದೋ ಆಗಿದ್ದರೆ ಸುಳ್ಳಿನ ಸುಳಿವು ದೊರೆತಂತೆಯೇ.

ಹೆಸರನ್ನು ಹೀಗೆ ಪರೀಕ್ಷಿಸಿ ನೋಡುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಗೆಂಡೆಹಳ್ಳಿಯ ತಾಲ್ಲೂಕು ಕೇಂದ್ರವಾದ ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಅಲ್ಲಿ ಹೆಸರಿಗೆ ಕೈಚಳಕವೇ ಸಾಕ್ಷಿಯಾಗಿ ನಿಂತಿದೆ. ಆದರೆ ನಾಡಿನಲ್ಲಿ ದೊರೆತ ಬರಹಗಳೆಲ್ಲ ಅಷ್ಟು ನಿಷ್ಕಪಟವಲ್ಲ. ಯಾರೋ ಎಂದೋ ಭೂಮಿಯ ಹಕ್ಕನ್ನು ಸ್ಥಾಪಿಸಿಕೊಳ್ಳಲು ಹಳೆಯ ಅರಸರ ಹೆಸರಿನಲ್ಲಿ ಬರೆಯಿಸಿದ ತಾಮ್ರಪಟಗಳೂ ಉಂಟು. ವಿದ್ವಾಂಸರು ಇವುಗಳನ್ನು ಕೂಟಶಾಸನಗಳೆಂದು ಕರೆಯುತ್ತಾರೆ. ಗಂಗರ ಅನೇಕ ತಾಮ್ರಶಾಸನಗಳು ಇಂಥವೆಂದು ಜೆ. ಎಫ್. ಫ್ಲೀಟ್ ವಾದಿಸಿದನು, ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿ ಪ್ರಕಟಿಸಿದ ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ. ವಾದವೇನೇ ಇರಲಿ, ಇಬ್ಬರ ಮುಂದೆಯೂ ಇದ್ದ ಪ್ರಶ್ನೆ ಒಂದೇ: ಶಾಸನದಲ್ಲಿ ಅರಸನ ಹೆಸರಿದ್ದ ಮಾತ್ರಕ್ಕೆ ಅದು ಅರಸನದಾಗುವುದೇ? ಅದಕ್ಕಾಗಿ ಲಿಪಿಯು ಹೇಳಿದ ಕಾಲಕ್ಕೆ ಹೊಂದುವುದೇ, ತಿಥಿವಾರಗಳು ಕೂಡುವುವೇ ಎಂದು ವಿದ್ವಾಂಸರು ಶೋಧಿಸುತ್ತಾರೆ. ತಾಮ್ರಪಟಗಳನ್ನು ಪೋಣಿಸಿದ ಬಳೆಯ ಮೇಲೆ ಗಂಗರ ಆನೆಯ ಮುದ್ರೆಯನ್ನು ಒತ್ತುತ್ತಿದ್ದುದೂ ಹೆಸರೊಂದೇ ಸಾಲದೆಂಬ ಅರಿವಿನಿಂದಲೇ.

ಇಮೇಲಿಗೂ ಅಂಥ ಮುದ್ರೆಗಳು ಕ್ರಮೇಣ ಬಂದವು. ಒಂದು ಸಂಸ್ಥೆಯ ಹೆಸರಿನಲ್ಲಿ ಓಲೆ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸುವ ಎಸ್‌ಪಿಎಫ್ ಎಂಬ ಕ್ರಮವು 2006ರಲ್ಲಿ ದಸ್ತಾವೇಜಾಗಿ ಹೊರಬಂದಿತು. ಓಲೆಗೆ ಗಣಿತದ ಬಲದಿಂದ ಒತ್ತುವ, ದಾರಿಯಲ್ಲಿ ತಿದ್ದಿದರೆ ಒಡೆದುಹೋಗುವ ಡಿಕಿಮ್ ಎಂಬ ಮುದ್ರೆಯು 2007ರಲ್ಲಿ ರೂಪುಗೊಂಡಿತು. ಓದುಗನಿಗೆ ಕಾಣುವ ಹೆಸರಿಗೂ ಈ ಎರಡು ಪರೀಕ್ಷೆಗಳಿಗೂ ಹೊಂದಾಣಿಕೆ ಇಲ್ಲದಿದ್ದರೆ ಓಲೆಯನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ 2015ರಲ್ಲಿ ಪ್ರಕಟವಾಯಿತು. ಬಹುಸಂಖ್ಯೆಯಲ್ಲಿ ಓಲೆ ಕಳುಹಿಸುವವರು ಈ ಮೂರನ್ನೂ ಪಾಲಿಸಲೇಬೇಕೆಂದು ಗೂಗಲ್ ಮತ್ತು ಯಾಹೂ ಸಂಸ್ಥೆಗಳು 2024ರ ಫೆಬ್ರವರಿಯಿಂದ ಕಟ್ಟುಮಾಡಿದವು. ಇವುಗಳ ಜೊತೆಗೆ ಸರ್ವರ್‌ಗಳು ಇನ್ನೊಂದು ಪಾಠವನ್ನೂ ಕಲಿತವು. ಬೇಡದ ಓಲೆಯನ್ನು ಒಳಗೆ ತೆಗೆದುಕೊಂಡು ಆಮೇಲೆ ಮರಳಿಸುವ ಬದಲು, ಬಾಗಿಲಲ್ಲಿ ನಿಂತಿರುವಾಗಲೇ ತಿರಸ್ಕರಿಸಿದರೆ ನಿರಪರಾಧಿಯ ಮನೆಗೆ ವರದಿ ಹೋಗುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.

ಹಳೆಯ ಹುಳುಗಳ ಹಾವಳಿ ಅಡಗಿದರೂ ಹೆಸರಿನ ಕಳವು ನಿಂತಿಲ್ಲ. ವಿಳಾಸವನ್ನು ಬದಲಿಸಲಾಗದವನು ಅದರ ಪಕ್ಕದಲ್ಲಿ ತೋರುವ ಹೆಸರನ್ನು ಬದಲಿಸುತ್ತಾನೆ; ಒಂದಕ್ಷರ ಮಾತ್ರ ಬೇರೆಯಾಗಿರುವ ವಿಳಾಸವನ್ನು ಕೊಂಡು ಬಳಸುತ್ತಾನೆ. ಇಂಥ ಓಲೆಗಳಿಗೆ ಮುದ್ರೆಗಳೂ ಸರಿಯಾಗಿಯೇ ಇರಬಹುದು. ಗಣಕಯಂತ್ರದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದನ್ನು ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ಆದ ತಿದ್ದುಪಡಿಯು ಶಿಕ್ಷಾರ್ಹವೆಂದು ಸಾರಿದೆ. ಹಣ ಕಳೆದುಕೊಂಡವರು ಕೂಡಲೇ ದೂರು ಕೊಡಲು 1930 ಎಂಬ ಸಹಾಯವಾಣಿಯಿದೆ. ಆದರೂ ಕಾಯಿದೆಯು ಬರುವುದು ಕೇಡು ನಡೆದ ಮೇಲೆ. ಮುದ್ರೆಯು ಕಾಯುವುದು ತನಗೆ ಹೇಳಿಕೊಟ್ಟಷ್ಟನ್ನು ಮಾತ್ರ. ಉಳಿದದ್ದು ಓದುವವನ ವಿವೇಕಕ್ಕೆ ಸೇರಿದ್ದು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಈ ಮಾತಿಗೆ ಎರಡು ಮುಖಗಳಿವೆ. ಒಳ್ಳೆಯ ಹೆಸರನ್ನು ಹೊತ್ತು ಬಂದ ಓಲೆಯನ್ನು ಕಣ್ಣುಮುಚ್ಚಿ ನಂಬಬಾರದೆಂಬುದು ಒಂದು. ಇದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ಏಕೆಂದರೆ ಅದರಲ್ಲಿ ತಮ್ಮ ರಕ್ಷಣೆಯಿದೆ. ಕೆಟ್ಟ ಓಲೆಯ ಮೇಲೆ ಒಬ್ಬನ ಹೆಸರು ಕಂಡ ಮಾತ್ರಕ್ಕೆ ಅವನನ್ನು ಕೆಟ್ಟವನೆಂದು ತೀರ್ಮಾನಿಸಬಾರದೆಂಬುದು ಇನ್ನೊಂದು. ಇದನ್ನು ಕಲಿಯುವುದು ಕಷ್ಟ, ಏಕೆಂದರೆ ಅದರಲ್ಲಿರುವುದು ಪರರ ರಕ್ಷಣೆ. ಯಂತ್ರಕ್ಕೆ ತಗುಲಿದ ಸೋಂಕನ್ನು ಒಂದು ಗಂಟೆಯಲ್ಲಿ ತೆಗೆಯಬಹುದು. ವಿಚಾರಿಸದೆ ಆಡಿದ ಮಾತಿನಿಂದ ಹಳೆಯ ಸ್ನೇಹಕ್ಕೆ ತಗುಲಿದ ಸೋಂಕು ಅಷ್ಟು ಸುಲಭವಾಗಿ ಹೋಗದು. ಆದುದರಿಂದ ದೂರುವ ಮೊದಲು ಒಂದು ಗಳಿಗೆ ತಡೆದು, “ಇದನ್ನು ನೀವೇ ಬರೆದಿರಾ?” ಎಂದು ಕೇಳುವುದು ನ್ಯಾಯವೂ ಹೌದು, ಸೌಜನ್ಯವೂ ಹೌದು.